ಎಂಜಲು ಗಾಳಿಗೆ ಎಕ್ಸ್‌ಟ್ರಾ ಚಾರ್ಜು

ಇದು 2022ರ ಜನವರಿಯ ಮಾತು, ಕೋವಿಡ್‌ನ ಓಮಿಕ್ರಾನ್ ತಳಿ ಹಬ್ಬಿದ್ದ ಹೊತ್ತು. ಹೋಟೆಲೊಂದರ ಬಾಗಿಲಲ್ಲಿ ಅವತ್ತು ನಡೀತಿದ್ದ ಪೂಜಾವಿಧಾನ ನೋಡಿ ಮೈ ಉರಿದುಹೋಯ್ತು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಒಬ್ಬ ಹುಡುಗ ಬಂದವರ ಮಣಿಕಟ್ಟಿಗೆ ಟೆಂಪರೇಚರ್ ಗನ್ ಹಿಡೀತಾನೆ. ಇನ್ನೊಬ್ಬ ಅಂಗೈಗೆ ತೀರ್ಥದ ಹಾಗೆ ಸ್ಯಾನಿಟೈಸರ್ ಬಿಡ್ತಾನೆ. ಮೂರನೆಯವನು ಮೊಬೈಲಿನಲ್ಲಿ ಎರಡು ಡೋಸಿನ ಸರ್ಟಿಫಿಕೇಟ್ ಇಣುಕಿ ನೋಡ್ತಾನೆ. ಇಷ್ಟೂ ಮುಗಿದ ಮೇಲೆ ಭಕ್ತಾದಿಗಳನ್ನ ಮಹಡಿ ಮೇಲಿನ ಎಸಿ ಹಾಲ್‌ಗೆ ಅಟ್ಟುತ್ತಾರೆ. ಅಲ್ಲಿ ಕಿಟಕಿಗಳಿಗೆಲ್ಲ ಗಾಜು ಜಡಿದಿದೆ. ಬಾಗಿಲಿಗೆ ತಾನಾಗೇ ಮುಚ್ಚಿಕೊಳ್ಳೋ ಸ್ಪ್ರಿಂಗು, ಅದು ಸಾಲದು ಅಂತ 'ಎಸಿ ಚಾಲೂ ಇದೆ, ದಯವಿಟ್ಟು ಬಾಗಿಲು ಮುಚ್ಚಿ' ಅನ್ನೋ ಚೀಟಿ ಬೇರೆ. ಒಳಗೆ ಕೂತವರೆಲ್ಲ ಮಾಸ್ಕ್ ಗಲ್ಲಕ್ಕಿಳಿಸಿ ಹರಟೆ ಹೊಡೀತಿದ್ದಾರೆ.

ಜನವರಿ ತಿಂಗಳ ಬೆಂಗಳೂರು ಕಣ್ರೀ ಇದು! ಸ್ವೆಟರ್ ಹಾಕ್ಕೊಂಡು ಬಂದು ಎಸಿಯಲ್ಲಿ ಕೂರೋ ಕರ್ಮ ಯಾಕೆ?

ನನ್ನ ಕಸುಬು ಕಟ್ಟಡಗಳೊಳಗೆ ಗಾಳಿ ಹಾಯಿಸೋ ಕೊಳವೆಗಳದ್ದು, ಅಂದ್ರೆ ಡಕ್ಟ್‌ಗಳದ್ದು. 'ಇವನದ್ದು ಮತ್ತೆ ಡಕ್ಟ್ ಪುರಾಣ ಶುರುವಾಯ್ತು' ಅನ್ನೋರು ಇಲ್ಲಿಂದಲೇ ಸ್ಕ್ರೋಲ್ ಮಾಡಿ ಮುಂದೆ ಹೋಗಬಹುದು.

ಮೊದಲು ಆ ಗನ್ನಿನ ವಿಷಯ ಮುಗಿಸಿಬಿಡ್ತೀನಿ. ಮಣಿಕಟ್ಟಿನ ಚರ್ಮ ಒಳಮೈಗಿಂತ ತಣ್ಣಗಿರುತ್ತೆ, ಬೈಕಿನಲ್ಲಿ ಬಂದವರದ್ದು ಇನ್ನೂ ತಣ್ಣಗೆ. ಗನ್ 93 ಅಂತ ತೋರಿಸುತ್ತೆ, ಹುಡುಗ ತಲೆಯಾಡಿಸಿ ಒಳಗೆ ಬಿಡ್ತಾನೆ. ನಿಜವಾಗಿ ಒಳಮೈ 93 ಡಿಗ್ರಿ ಇದ್ದವರನ್ನ ಕಳಿಸಬೇಕಾದ್ದು ಎಸಿ ಹಾಲ್‌ಗಲ್ಲ, ಐಸಿಯುಗೆ. ಸಾಲದ್ದಕ್ಕೆ ಈ ಕಾಯಿಲೆ ಜ್ವರ ಬರೋಕೆ ಒಂದೆರಡು ದಿನ ಮೊದಲೇ ಹರಡೋಕೆ ಶುರುಮಾಡುತ್ತೆ. ಮೇಜು ಮುಟ್ಟಿ ಅಂಟೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲೇ ಹೇಳಿ ಆಗಿದೆ. ಆದರೂ ಮೇಜಿಗೆ ಮೂರು ಹೊತ್ತು ಅಭಿಷೇಕ ನಡೀತಿತ್ತು. ಗಾಳಿಯನ್ನ ಮಾತ್ರ ಕೇಳೋರಿರಲಿಲ್ಲ.

ನಾವು ಎಂಜಲಿನ ವಿಷಯದಲ್ಲಿ ಎಷ್ಟು ನಾಜೂಕು ಅಂದ್ರೆ, ಲೋಟ ತುಟಿಗೆ ತಾಗದ ಹಾಗೆ ಎತ್ತಿ ಕುಡೀತೀವಿ, ಇನ್ನೊಬ್ಬರು ಕಚ್ಚಿದ ವಡೆ ಮುಟ್ಟಲ್ಲ. (ಎಂಜಲು ಅನ್ನೋ ಪದದ ಹಿಂದಿರೋ ಕೊಳಕು ಚರಿತ್ರೆ ಗೊತ್ತಿದೆ, ಅದರ ಬಗ್ಗೆ ಇನ್ನೊಂದು ದಿನ ಜಗಳ ಆಡೋಣ.) ಅಂಥ ನಾವು ಮುಚ್ಚಿದ ಹಾಲ್‌ನಲ್ಲಿ ಮುಕ್ಕಾಲು ಗಂಟೆ ಕೂತು ನಲವತ್ತು ಜನರ ಎಂಜಲು ಗಾಳಿ ಎಳೀತೀವಿ. ಅದೂ ಕೆಳಗಿನ ಹಾಲ್‌ಗಿಂತ ಹೆಚ್ಚು ರೇಟು ಕೊಟ್ಟು.

ಇದು ಬರೀ ಬಾಯಿಮಾತಲ್ಲ, ಅಳೆಯಬಹುದು. ಬಯಲು ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಿಗೆ 420 ಪಾಲು ಇರುತ್ತೆ. ನಾವು ಬಿಡೋ ಉಸಿರಿನಲ್ಲಿ ಅದು ಸುಮಾರು 40,000. ಹಾಲ್‌ನಲ್ಲಿ ಮೀಟರ್ 2,000 ತೋರಿಸಿದರೆ, ಹೊರಗಿನ 420 ಕಳೆದು 40,000ದಿಂದ ಭಾಗಿಸಿ: ಶೇ. 4. ಅಂದ್ರೆ ಎಳೆದುಕೊಳ್ಳೋ ಪ್ರತಿ 25 ಉಸಿರಿಗೆ ಒಂದು ಉಸಿರಿನಷ್ಟು ಗಾಳಿ ಆಗಲೇ ಯಾರದೋ ಶ್ವಾಸಕೋಶಕ್ಕೆ ಹೋಗಿ ಬಂದದ್ದು. 800 ತೋರಿಸಿದರೆ ಅದು 100ಕ್ಕೆ ಒಂದು. ಊಟದ ಹೊತ್ತಲ್ಲಿ ಮಾಸ್ಕ್ ಇರಲ್ಲ, ಎನ್95 ಜೇಬಿನಲ್ಲಿದ್ದು ಪ್ರಯೋಜನವಿಲ್ಲ. ಹಾಗಾಗಿ ಈ ಲೆಕ್ಕ ನೇರವಾಗಿ ಮೂಗಿಗೇ ಬಡಿಯೋದು.

'ಎಸಿ ಇದೆಯಲ್ಲ, ಗಾಳಿ ಫ್ರೆಶ್ ಆಗಿರುತ್ತೆ' ಅನ್ನೋ ಮಾತು ಕೇಳಿದಾಗೆಲ್ಲ ತಲೆ ಚಚ್ಚಿಕೊಳ್ಳೋಣ ಅನ್ಸುತ್ತೆ. ಗೋಡೆಗೆ ನೇತುಹಾಕಿದ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಲೋಟದಷ್ಟೂ ಗಾಳಿ ತರಲ್ಲ. ಹೊರಗಿನ ಯೂನಿಟ್‌ಗೂ ಒಳಗಿನದಕ್ಕೂ ನಡುವೆ ಓಡಾಡೋದು ತಾಮ್ರದ ಪೈಪಿನೊಳಗಿನ ಗ್ಯಾಸು, ಗಾಳಿಯಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ನಿಮ್ಮ ಮುಖಕ್ಕೇ ಊದುತ್ತೆ. ಚಾವಣಿಯ ಕ್ಯಾಸೆಟ್ ಎಸಿಗಳೂ ಬಹುಪಾಲು ಹಾಗೇನೇ. ಒಳಗಿರೋ ಬಲೆ ಧೂಳು, ಕೂದಲು ಹಿಡಿಯುತ್ತೆ. ಮಾತಿನಲ್ಲಿ ಹಾರೋ ಸೂಕ್ಷ್ಮ ಹನಿಗೆ ಅದು ಹೆಬ್ಬಾಗಿಲು ಇದ್ದ ಹಾಗೆ.

ಚೀನಾದ ಗುವಾಂಗ್‌ಝೌ ಊರಿನ ಒಂದು ರೆಸ್ಟೋರೆಂಟಿನಲ್ಲಿ 2020ರ ಜನವರಿ 24ರಂದು ಇದೇ ಆಗಿತ್ತು. ಕಿಟಕಿಯಿಲ್ಲದ ಮಹಡಿ, 15 ಟೇಬಲ್, ಊಟಕ್ಕೆ ಕೂತ ಗಿರಾಕಿಗಳು 83. ವುಹಾನ್‌ನಿಂದ ಬಂದ ಒಂದು ಕುಟುಂಬದ ಜೊತೆ ಸೋಂಕು ಬಂತು, ಅವರೂ ಸೇರಿ 10 ಜನ ಮಲಗಿದರು. ಎಲ್ಲರೂ ಒಂದೇ ಎಸಿಯ ಗಾಳಿಸಾಲಿನಲ್ಲಿದ್ದ ಅಕ್ಕಪಕ್ಕದ ಮೂರು ಟೇಬಲ್ಲಿನವರು! ಆಮೇಲೆ ಆ ಜಾಗದ ಗಾಳಿ ಅಳೆದಾಗ ತಲಾ ಸೆಕೆಂಡಿಗೆ ಸಿಗ್ತಿದ್ದ ಹೊಸ ಗಾಳಿ ಹೆಚ್ಚುಕಡಿಮೆ 1 ಲೀಟರ್ ಅಂತ ಗೊತ್ತಾಯ್ತು. ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 10. ದಕ್ಷಿಣ ಕೊರಿಯಾದ ಜಿಯೋಂಜುನಲ್ಲಿ ಅದೇ ವರ್ಷದ ಜೂನ್‌ನಲ್ಲಿ ಇನ್ನೂ ವಿಚಿತ್ರ: 6.5 ಮೀಟರ್ ದೂರದಲ್ಲಿ ಕೂತಿದ್ದ ಒಬ್ಬರಿಗೆ, ಅದೂ ಬರೀ 5 ನಿಮಿಷದಲ್ಲಿ ಅಂಟಿತು. ಎಸಿ ಗಾಳಿಯ ಹಾದಿಯಲ್ಲಿದ್ದರು, ಅಷ್ಟೇ. ನಮ್ಮ 'ಆರಡಿ ಅಂತರ' ಸ್ಟಿಕರ್ ಈ ಗಾಳಿಗೆ ಓದೋಕೆ ಬರಲ್ಲ.

ಹೋಟೆಲಿನಲ್ಲಿ ಅರ್ಧ ಸೀಟಷ್ಟೇ ತುಂಬಬೇಕು ಅನ್ನೋ ಆಗಿನ ಶೇ. 50 ನಿಯಮದ ಲೆಕ್ಕವನ್ನೂ ನೋಡಿಬಿಡೋಣ. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಅಂದ್ರೆ ಸುಮಾರು 170 ಘನ ಮೀಟರ್. 40 ಸೀಟು, ಆ ನಿಯಮದಲ್ಲಿ ಕೂರೋದು 20. ಎಲ್ಲ ಮುಚ್ಚಿದಾಗ ಸಂದಿಗೊಂದಿಯಿಂದ ಗಂಟೆಗೆ ಅರ್ಧ ಹಾಲ್‌ನಷ್ಟು ಗಾಳಿ ಸೋರಿ ಬರುತ್ತೆ ಅಂತ ಹಿಡಿಯೋಣ, 85 ಘನ ಮೀಟರ್. ಇಪ್ಪತ್ತು ಜನಕ್ಕೆ ಹಂಚಿದರೆ ತಲಾ ಸೆಕೆಂಡಿಗೆ 1.2 ಲೀಟರ್. ಅರ್ಧ ಜನರನ್ನ ಆಚೆಗಟ್ಟಿದ ಮೇಲೂ ಗುವಾಂಗ್‌ಝೌ ಲೆಕ್ಕಕ್ಕೇ ಬಂದು ನಿಂತ್ವಿ.

ಈಗ ಅದೇ ಗೋಡೆಗೆ 12 ಇಂಚಿನ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ. ಮಾದರಿ ನೋಡಿಕೊಂಡು ಡಬ್ಬದ ಮೇಲೆ ಗಂಟೆಗೆ 1,000 ಘನ ಮೀಟರ್ ಆಸುಪಾಸು ಬರೆದಿರ್ತಾರೆ. ಜಿಡ್ಡು, ಜಾಲರಿ ಎಲ್ಲ ಕಳೆದು ಮುಕ್ಕಾಲು ಹಿಡೀರಿ, 750. ಇಪ್ಪತ್ತು ಜನಕ್ಕೆ ತಲಾ 10 ಲೀಟರ್ ಕೊಡೋಕೆ ಬೇಕಾದ್ದು ಗಂಟೆಗೆ 720. ಮುಗೀತು! ನಲವತ್ತೂ ಸೀಟು ತುಂಬಬೇಕಾ, ಎರಡು ಫ್ಯಾನ್ ಹಾಕಿ. ಒಂದೇ ಷರತ್ತು, ಎದುರುಗಡೆ ಗಾಳಿ ಒಳಗೆ ಬರೋಕೆ ದಾರಿ ಬಿಡಬೇಕು. ಬಾಗಿಲು ಬಿಗಿ ಮಾಡಿ ಎಕ್ಸಾಸ್ಟ್ ಹಾಕೋದು, ಹೆಬ್ಬೆರಳಲ್ಲಿ ಬಾಟಲಿ ಬಾಯಿ ಮುಚ್ಚಿ ಸ್ಟ್ರಾ ಚೀಪಿದ ಹಾಗೆ. ಫ್ಯಾನ್ ಪಕ್ಕದ ಕಿಟಕಿಯನ್ನೇ ತೆಗೆದರೂ ಉಪಯೋಗ ಇಲ್ಲ. ಅಲ್ಲೇ ಬಂದ ಗಾಳಿ ಅಲ್ಲೇ ಹೊರಟುಹೋಗುತ್ತೆ, ಹಾಲ್‌ನದ್ದು ಹಾಲ್‌ನಲ್ಲೇ ಉಳಿಯುತ್ತೆ.

ಸೀಲಿಂಗ್ ಫ್ಯಾನ್? ಸಾರು ಕಲಸಿದ ಹಾಗೆ ಕಲಸುತ್ತೆ, ಹೊರಗೆ ಹಾಕಲ್ಲ. ಟೇಬಲ್‌ಗಳ ನಡುವಿನ ಪ್ಲಾಸ್ಟಿಕ್ ಪರದೆ ನೇರವಾಗಿ ಹಾರೋ ಎಂಜಲ ಹನಿಗೆ ಸರಿ. ಉಳಿದದ್ದು ಮೇಲಿಂದ ಹಾದು ಪಕ್ಕದ ಟೇಬಲ್ಲಿಗೆ ಹೋಗುತ್ತೆ, ಕೆಳಗೆ ಇದ್ದಬದ್ದ ಗಾಳಿಯೂ ನಿಂತುಬಿಡುತ್ತೆ. ಪರದೆ ಎಳೆದ 'ಫ್ಯಾಮಿಲಿ ರೂಮ್' ಬಗ್ಗೆ ಹೇಳೋದೇ ಬೇಡ. ಮರ್ಯಾದೆ ಹೆಚ್ಚಾದಷ್ಟೂ ಗಾಳಿ ಕಡಿಮೆ.

ಅದಕ್ಕೇ ನನಗೆ ನಗು ಬರೋದು. ಈ ಊರಿನಲ್ಲಿ ಊಟದ ಅತ್ಯಂತ ಸುರಕ್ಷಿತ ಜಾಗ ಅಂದ್ರೆ ದರ್ಶಿನಿಯ ಮುಂದೆ ಫುಟ್‌ಪಾತಿಗೆ ಚಾಚಿಕೊಂಡಿರೋ ಆ ಸ್ಟೀಲಿನ ಎತ್ತರದ ಮೇಜು. ಮೂರು ಕಡೆ ಬಯಲು, ಕೂರೋಕೆ ಕುರ್ಚಿಯಿಲ್ಲ. ಹತ್ತು ನಿಮಿಷದಲ್ಲಿ ಇಡ್ಲಿ ವಡೆ, ಕಾಫಿ ಮುಗಿಸಿ ಜಾಗ ಖಾಲಿ ಮಾಡ್ಬೇಕು. ಗಾಳಿ ಹೆಚ್ಚು, ಹೊತ್ತು ಕಡಿಮೆ, ಮಾತು ಇನ್ನೂ ಕಡಿಮೆ. ಎಸಿ ಹಾಲ್‌ನಲ್ಲಿ ಮೂರೂ ಉಲ್ಟಾ, ಮೇಲಿಂದ ಟಿವಿಯಲ್ಲಿ ಕ್ರಿಕೆಟ್ಟು. ಸದ್ದು ಜೋರಾದಷ್ಟೂ ಜನ ದನಿ ಏರಿಸ್ತಾರೆ, ದನಿ ಏರಿದಷ್ಟೂ ಬಾಯಿಂದ ಹೆಚ್ಚು ಹನಿ. ಎಂಜಲು ಗಾಳಿ ಜಾಸ್ತಿ ಇದ್ದಲ್ಲೇ ರೇಟೂ ಜಾಸ್ತಿ ಅನ್ನೋದು ಯಾವ ಶಾಸ್ತ್ರ ಸ್ವಾಮಿ?

ಮೀಟರ್ ಇಲ್ಲದವರು ಏನು ಮಾಡ್ಬೇಕು? ಕ್ಯಾಷಿಯರ್ ಹಿಂದಿನ ಗಣಪತಿ ಫೋಟೋ ಮುಂದೆ ಊದುಬತ್ತಿ ಉರೀತಿರುತ್ತೆ, ಅದರ ಹೊಗೆ ನೋಡಿ. ಬಾಗಿಲ ಕಡೆಗೋ ಕಿಟಕಿ ಕಡೆಗೋ ಬಾಗಿ ಹೊರಟುಹೋಗ್ತಿದ್ದರೆ ಸರಿ. ನೆಟ್ಟಗೆ ಎದ್ದು ಚಾವಣಿ ಕೆಳಗೆ ಮೋಡ ಕಟ್ಟಿದ್ದರೆ ಬೇಡ. ಅಡುಗೆಮನೆಯ ಒಗ್ಗರಣೆ ಘಾಟು ಟೇಬಲ್ ತನಕ ಬಂದು ಕೆಮ್ಮಿಸಿ, ಐದು ನಿಮಿಷ ಆದರೂ ಹೋಗದಿದ್ದರೆ ಒಲೆ ಮೇಲಿನ ಚಿಮಣಿಯೂ ಎಳೀತಿಲ್ಲ ಅಂತ ಅರ್ಥ. ಚಿಮಣಿ ಚೆನ್ನಾಗಿ ಎಳೀತಿದ್ದರೆ ಗಾಳಿ ರಸ್ತೆ ಬಾಗಿಲಿಂದ ಹಾಲ್ ಹಾದು ಅಡುಗೆಮನೆಗೆ ಹೋಗುತ್ತೆ. ಆಗ ಬಾಗಿಲ ಹತ್ತಿರ ಕೂತವರೇ ಜಾಣರು, ಒಳತುದಿಯಲ್ಲಿರೋರಿಗೆ ಎಲ್ಲರ ಉಸಿರೂ ಪ್ರಸಾದ.

ಮೀಟರ್ ಕೊಳ್ಳೋರು ಎನ್‌ಡಿಐಆರ್ (ಅತಿಗೆಂಪು ಬೆಳಕಿನಿಂದ ಅಳೆಯೋ) ಸೆನ್ಸರ್ ಅಂತ ಬರೆದದ್ದನ್ನೇ ಕೊಳ್ಳಿ. ತೀರಾ ಅಗ್ಗದವು ನಿಜವಾಗಿ ಕಾರ್ಬನ್ ಡೈಆಕ್ಸೈಡ್ ಅಳೆಯಲ್ಲ, ಪಕ್ಕದಲ್ಲಿ ಸ್ಯಾನಿಟೈಸರ್ ಚಿಮುಕಿಸಿದರೆ ಸಾವಿರಗಟ್ಟಲೆ ನೆಗೀತಾವೆ. ಬಾಯಿಂದ ಒಂದು ಮೊಳಕ್ಕಿಂತ ದೂರ ಇಟ್ಟು ಐದು ನಿಮಿಷ ಕಾಯಿರಿ. ಗ್ಯಾಸ್ ಒಲೆ ಹತ್ತಿರ ಓದಿದರೆ ಒಲೆಯ ಕಾರ್ಬನ್ನೂ ಸೇರಿಕೊಳ್ಳುತ್ತೆ. 800ರ ಒಳಗಿದ್ದರೆ ಕೂತು ತಿನ್ನಿ. 1,200 ದಾಟಿದರೆ ಆರ್ಡರ್ ಪಾರ್ಸೆಲ್‌ಗೆ ಬದಲಾಯಿಸಿ.

'ಮೂರೂವರೆಗೆ ಹೋದ್ರೆ ಹಾಲ್ ಖಾಲಿ ಇರುತ್ತೆ' ಅನ್ನೋ ಜಾಣರಿಗೂ ಒಂದು ಮಾತು. ಗಂಟೆಗೆ ಒಂದೇ ಸಲ ಗಾಳಿ ಬದಲಾಗೋ ಹಾಲ್‌ನಲ್ಲಿ, ಮಧ್ಯಾಹ್ನದ ಗುಂಪು ಬಿಟ್ಟುಹೋದದ್ದರಲ್ಲಿ ಶೇ. 95 ಹೊರಗೆ ಹೋಗೋಕೆ ಮೂರು ಗಂಟೆ ಬೇಕು. ಆರು ಸಲ ಬದಲಾಗೋ ಕಡೆ ಅರ್ಧ ಗಂಟೆ ಸಾಕು. ಕುರ್ಚಿ ಖಾಲಿಯಾದ ತಕ್ಷಣ ಗಾಳಿ ಖಾಲಿಯಾಗಲ್ಲ.

ಇಷ್ಟು ಹೇಳಿದ ಮೇಲೆ ಬರೋ ಮಾತು ಗೊತ್ತು. 'ಎರಡು ಡೋಸ್ ಆಗಿದೆಯಲ್ಲ?' ಆಗಿರೋದು ಒಳ್ಳೇದೇ, ಆಸ್ಪತ್ರೆ ಸೇರೋದು ತಪ್ಪಬಹುದು. ಆದರೆ ಓಮಿಕ್ರಾನ್ ಎರಡು ಡೋಸ್ ಆದವರಿಗೂ ಧಾರಾಳವಾಗಿ ಅಂಟುತ್ತಿತ್ತು. 15ರಿಂದ 18ರ ಮಕ್ಕಳಿಗೆ ಲಸಿಕೆ ಶುರುವಾದದ್ದೇ 2022ರ ಜನವರಿ 3ರಂದು, ಅದಕ್ಕಿಂತ ಚಿಕ್ಕವರಿಗೆ ಆಗ ಇನ್ನೂ ಇರಲಿಲ್ಲ. 'ಹೋಟೆಲಿನವರ ಹೊಟ್ಟೆಪಾಡು?' ಅಂತಲೂ ಕೇಳ್ತೀರಿ. ಸ್ವಾಮಿ, ಕಿಟಕಿ ತೆಗೆಯೋಕೆ ಯಾವ ಬ್ಯಾಂಕ್ ಲೋನ್ ಬೇಕು? ಎಸಿ ಆರಿಸಿದರೆ ಕರೆಂಟ್ ಬಿಲ್ಲೇ ಉಳಿಯುತ್ತೆ. ಹೊಟ್ಟೆಪಾಡಿನ ಮಾತಾಡೋರು ಆ ಸಪ್ಲೈಯರ್ ಹುಡುಗರನ್ನೂ ನೆನೆಸಿಕೊಳ್ಳಿ. ನೀವು ಮುಕ್ಕಾಲು ಗಂಟೆ ಕೂತು ಎದ್ದು ಹೋಗ್ತೀರಿ. ಅವರು ಬೆಳಗ್ಗೆಯಿಂದ ರಾತ್ರಿ ತನಕ ಅದೇ ಗಾಳಿಯಲ್ಲಿ ತಟ್ಟೆ ಹೊರ್ತಾರೆ. 2020ರ ಜೂನ್‌ನಲ್ಲಿ ಹೋಟೆಲ್ ತೆರೆಯುವಾಗ ಕೇಂದ್ರ ಕೊಟ್ಟ ನಿಯಮದಲ್ಲಿ ಎಸಿ 24ರಿಂದ 30 ಡಿಗ್ರಿ ಇರಲಿ ಅನ್ನೋದರ ಜೊತೆಗೇ ಹೊರಗಿನ ಗಾಳಿ ಆದಷ್ಟೂ ಹೆಚ್ಚು ಬರಲಿ ಅಂತಲೂ ಇತ್ತು. ಮೊದಲರ್ಧ ರಿಮೋಟಿನಲ್ಲಿ ಸುಲಭವಾಗಿ ಒತ್ತಬಹುದಲ್ಲ, ಅಷ್ಟೇ ಪಾಲನೆಯಾಯ್ತು.

ಒಪ್ಪಿಕೊಳ್ತೀನಿ, ಪಾರ್ಸೆಲ್ ಮಸಾಲೆ ದೋಸೆಯಷ್ಟು ದುಃಖದ ವಸ್ತು ಇನ್ನೊಂದಿಲ್ಲ. ಬಿಸಿ ದೋಸೆಯ ಹಬೆ ಕಾಗದದೊಳಗೆ ನೀರಾಗಿ, ಗರಿಗರಿ ಹೋಗಿ ಚರ್ಮದ ಚಪ್ಪಲಿ ಆಗಿರುತ್ತೆ. ಆಸೆ ತಡೆಯೋಕಾಗದವರು ಪಲ್ಯ ಬೇರೆ, ಚಟ್ನಿ ಬೇರೆ ಕಟ್ಟಿಸಿ, ಪೊಟ್ಟಣದ ಬಾಯಿ ತೆರೆದೇ ಇಟ್ಟುಕೊಂಡು ಐದು ನಿಮಿಷದಲ್ಲಿ ಸ್ಕೂಟರ್ ಸೀಟಿನ ಮೇಲೇ ಬಿಚ್ಚಿ. ಮನೆ ತನಕ ಒಯ್ಯೋದಾದರೆ ಇಡ್ಲಿ, ಬಿಸಿಬೇಳೆಬಾತು, ಪುಳಿಯೋಗರೆ ತಗೊಳ್ಳಿ. ವಡೆಯನ್ನ ಸಾಂಬಾರಿಗೆ ಮೊದಲೇ ಮುಳುಗಿಸಬೇಡಿ ಅಂತ ಹೇಳೋದು ಮರೀಬೇಡಿ, ಹೇಳದಿದ್ದರೆ ಮುಳುಗಿಸೇ ಕಳಿಸ್ತಾರೆ.

ಯಾವ ಹೋಟೆಲ್ ಅದು ಅಂತ ಇನ್‌ಬಾಕ್ಸಿಗೆ ಬಂದು ಕೇಳ್ಬೇಡಿ, ಹೇಳಲ್ಲ. ನಿಮ್ಮ ಬೀದೀದಕ್ಕೆ ಹೋಗಿ ಚಾವಣಿ ನೋಡಿ.