ಕಿಟಕಿಯಿಲ್ಲದ ಕಿಟಕಿ ಸೀಟು

ವಿಮಾನದ ಟಿಕೆಟ್ ಕೊಳ್ಳುವವರು ಸಾಮಾನ್ಯವಾಗಿ ಎರಡೇ ಸಂಗತಿ ನೋಡುತ್ತಾರೆ: ಎಷ್ಟು ಹೊತ್ತಿಗೆ ಹೊರಡುತ್ತದೆ, ಎಷ್ಟು ದುಡ್ಡು. ನಾನು ಇನ್ನೂ ಒಂದನ್ನು ನೋಡುತ್ತೇನೆ, ಅದು ಯಾವ ವಿಮಾನ ಎಂಬುದನ್ನು. ಮನೆಯವರು ಇದನ್ನು ವಾಸಿಯಾಗದ ಕಾಯಿಲೆಗಳ ಪಟ್ಟಿಗೆ ಸೇರಿಸಿ ಬಹಳ ಕಾಲವಾಯಿತು. ಆದರೆ ಏರ್‌ಬಸ್ 320ರ ಸೀಟು ಸಾಮಾನ್ಯವಾಗಿ 18 ಅಂಗುಲ ಅಗಲವಿದ್ದರೆ ಬೋಯಿಂಗ್ 737ರದ್ದು 17ರ ಆಸುಪಾಸಿನಲ್ಲಿರುತ್ತದೆ. ಇಬ್ಬರು ದಷ್ಟಪುಷ್ಟ ಸಹಪ್ರಯಾಣಿಕರ ನಡುವೆ ಉಸಿರು ಬಿಗಿಹಿಡಿದು ಕೂತವರಿಗೆ ಆ ಒಂದು ಅಂಗುಲದ ಬೆಲೆ ಗೊತ್ತು. ಅಲ್ಲದೆ 320 ನಿಲ್ದಾಣದಲ್ಲಿ ನಿಂತಿರುವಾಗ ಒಮ್ಮೊಮ್ಮೆ ಕಾಲಡಿಯಿಂದ ನಾಯಿ ಬೊಗಳಿದಂಥ ಸದ್ದು ಬರುತ್ತದೆ. ಎರಡು ಹೈಡ್ರಾಲಿಕ್ ವ್ಯವಸ್ಥೆಗಳ ಒತ್ತಡವನ್ನು ಸರಿದೂಗಿಸುವ ಯಂತ್ರದ ಗದ್ದಲ ಅದು. ಪಕ್ಕದವರು ಗಾಬರಿಯಿಂದ ಸುತ್ತಮುತ್ತ ನೋಡಿದಾಗ ಇದನ್ನು ವಿವರಿಸುವುದೇ ನನ್ನ ಪಾಲಿಗೆ ಪ್ರಯಾಣದ ಮುಖ್ಯ ಸುಖ. ಅವರು ಗಾಬರಿಯಾಗದಿದ್ದರೂ ವಿವರಿಸುತ್ತೇನೆ.

ಕಳೆದ ರಜೆಗೆ ನಾವು ನಾಲ್ವರೂ ಹೊರಡುವುದೆಂದು ನಿಶ್ಚಯವಾಯಿತು. ನಾಲ್ಕು ಟಿಕೆಟ್ ಎಂದು ಹಾಕಿದರೆ ತಲಾ ದರ ಒಂದು ತೋರಿಸುತ್ತಿತ್ತು, ಮೂರು ಎಂದು ಹಾಕಿದರೆ ಅದಕ್ಕಿಂತ ಸಾಕಷ್ಟು ಕಡಿಮೆ. ಅಣ್ಣನ ಮಗ ಇದು ನಮ್ಮ ಹುಡುಕಾಟದ ಮೇಲೆ ಕಣ್ಣಿಟ್ಟವರ ಕೈವಾಡವೆಂದು ತೀರ್ಮಾನಿಸಿ, ಬ್ರೌಸರಿನಲ್ಲಿ ಗುಪ್ತ ಕಿಟಕಿ ತೆರೆದು ಪಿಸುಮಾತಿನಲ್ಲಿ ಹುಡುಕಿಕೊಟ್ಟ. ದರ ಅಲ್ಲಿಯೂ ಅಷ್ಟೇ ಇತ್ತು. ನಿಜ ಸಂಗತಿಯೆಂದರೆ ಒಂದೇ ವಿಮಾನದ ಒಂದೇ ಬಗೆಯ ಸೀಟುಗಳನ್ನು ಕಂಪನಿಗಳು ಬೇರೆ ಬೇರೆ ದರದ ಗುಂಪುಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಇಂಗ್ಲಿಷಿನ ಒಂದೊಂದು ಅಕ್ಷರ ಕೊಟ್ಟು ಮಾರುತ್ತವೆ. ಅಗ್ಗದ ಗುಂಪಿನಲ್ಲಿ ಮೂರೇ ಸೀಟು ಉಳಿದಿದ್ದಾಗ ನಾಲ್ವರು ಒಟ್ಟಿಗೆ ಕೇಳಿದರೆ, ನಾಲ್ವರನ್ನೂ ಮೇಲಿನ ದರಕ್ಕೆ ಏರಿಸುವುದು ಬಹಳಷ್ಟು ವ್ಯವಸ್ಥೆಗಳ ರೂಢಿ. 1978ರಲ್ಲಿ ಅಮೆರಿಕ ಸರಕಾರ ವಿಮಾನದರಗಳ ಮೇಲಿನ ಹಿಡಿತವನ್ನು ಸಡಿಲಿಸಿದ ಮೇಲೆ ಹುಲುಸಾಗಿ ಬೆಳೆದ ವಿದ್ಯೆ ಇದು. ಬಾಗಿಲು ಮುಚ್ಚಿದ ಮೇಲೆ ಖಾಲಿ ಉಳಿದ ಸೀಟು ಸಂಜೆಗೆ ಬಾಡಿದ ಹೂವಿನಂತೆ ಯಾರಿಗೂ ಬೇಡವಾಗುವುದರಿಂದ, ಯಾರಿಗೆ ಯಾವಾಗ ಎಷ್ಟಕ್ಕೆ ಮಾರಬೇಕೆಂಬುದನ್ನು ಲೆಕ್ಕ ಹಾಕುವುದಕ್ಕೆಂದೇ ದೊಡ್ಡ ದೊಡ್ಡ ಕಂಪ್ಯೂಟರುಗಳಿವೆ.

ನನ್ನಾಕೆಗೆ ಕಂಪ್ಯೂಟರಿನ ಅಗತ್ಯ ಬೀಳಲಿಲ್ಲ. "ನಾವು ಮೂವರೂ ಅಗ್ಗದ್ದು ತಗೊಳ್ತೀವಿ. ವಿಮಾನದ ಹುಚ್ಚಿರೋದು ನಿಮಗೇ ತಾನೆ? ದುಬಾರಿದು ನೀವು ತಗೊಳ್ಳಿ" ಎಂದಳು. ವಾದದಲ್ಲಿ ಲೋಪ ಕಾಣಲಿಲ್ಲ. ಹೀಗೆ ಬೇರೆ ಟಿಕೆಟಿನ ಒಂಟಿ ಪ್ರಯಾಣಿಕನಾದ ನಾನು, ಆ ಸ್ವಾತಂತ್ರ್ಯವನ್ನು ಸಂಭ್ರಮಿಸಲೆಂದೇ ಇನ್ನಷ್ಟು ದುಡ್ಡು ಸುರಿದು, ರೆಕ್ಕೆಯ ಮಗ್ಗುಲಿನ 11ನೆಯ ಸಾಲಿನ ಕಿಟಕಿ ಸೀಟನ್ನು ಕಾದಿರಿಸಿದೆ.

ಹೊರಡುವ ದಿನ ಹತ್ತಿರವಾದಾಗ ಸಂದೇಶ ಬಂತು. ಕಾರ್ಯಾಚರಣೆಯ ಕಾರಣಗಳಿಂದಾಗಿ ನಮ್ಮ ವಿಮಾನ ರದ್ದಾಗಿದೆ, ಬದಲಿ ವ್ಯವಸ್ಥೆ ಮಾಡಲಾಗಿದೆ, ವಿಷಾದಿಸುತ್ತೇವೆ. ಬದಲಿ ವ್ಯವಸ್ಥೆಯ ಪ್ರಕಾರ ಮನೆಯ ಮೂವರು ಬೆಳಗ್ಗೆ ಹೊರಡಬೇಕು, ನಾನು ರಾತ್ರಿ. ಟಿಕೆಟ್ ಬೇರೆಯಾದ್ದರಿಂದ ನಾವು ಒಂದೇ ಸಂಸಾರವೆಂಬುದು ವ್ಯವಸ್ಥೆಗೆ ತಿಳಿಯುವಂತಿರಲಿಲ್ಲ. ಇಲ್ಲಿ ಒಂದು ಮಾತು ಹೇಳಲೇಬೇಕು: ನಾವು ಒಂದು ಗಂಟೆ ಆಚೀಚೆ ಹೊರಡುತ್ತೇವೆಂದರೆ ಅದಕ್ಕೆ ಬದಲಾವಣೆ ಶುಲ್ಕ, ಅದರ ಮೇಲೆ ದರದ ವ್ಯತ್ಯಾಸ, ಅವರು ಅರ್ಧ ದಿನ ಮುಂದೆ ತಳ್ಳಿದರೆ ವಿಷಾದ ಮಾತ್ರ. ವಿಷಾದದಲ್ಲಿ ದರದ ಗುಂಪುಗಳಿಲ್ಲ, ಎಲ್ಲರಿಗೂ ಒಂದೇ.

ಸಹಾಯವಾಣಿಗೆ ಫೋನ್ ಮಾಡಿದೆ. ಸಂಗೀತವನ್ನು ಬಾಯಿಪಾಠವಾಗುವಷ್ಟು ಕೇಳಿಸಿದ ಬಳಿಕ ಸಿಕ್ಕ ಹುಡುಗಿ ವಿನಯದಿಂದ, "ಸರ್, ಬೆಳಗಿನ ವಿಮಾನದಲ್ಲಿರುವ ಆ ಮೂವರು ನಿಮಗೇನಾಗಬೇಕು?" ಎಂದಳು. ಸ್ಪೀಕರ್ ಹಾಕಿದ್ದರಿಂದ ಆ ಮೂವರೂ ನನ್ನ ಉತ್ತರಕ್ಕೆ ಕುತೂಹಲದಿಂದ ಕಾಯುತ್ತಿದ್ದರು. ಸಂಬಂಧವನ್ನು ಅಧಿಕೃತವಾಗಿ ಒಪ್ಪಿಕೊಂಡ ಮೇಲೆ ಬೆಳಗಿನ ವಿಮಾನಕ್ಕೆ ಬಡ್ತಿ ಸಿಕ್ಕಿತು. ಸಮಾಧಾನದ ಸಂಗತಿಯೆಂದರೆ ಹೊಸ ಟಿಕೆಟಿನ ಜೊತೆ "ನಿಮ್ಮ ಆಸನದಲ್ಲಿ ಯಾವುದೇ ಬದಲಾವಣೆಯಿಲ್ಲ" ಎಂಬ ಭರವಸೆಯೂ ಇತ್ತು.

ಆಸನ ಬದಲಾಗಿರಲಿಲ್ಲ, ವಿಮಾನ ಬದಲಾಗಿತ್ತು. ಬಂದು ನಿಂತದ್ದು 737. ಅದರ ಎಡಮಗ್ಗುಲಿನಲ್ಲಿ, ಸುಮಾರು ಹತ್ತು ಹನ್ನೊಂದನೆಯ ಸಾಲಿನ ಆಸುಪಾಸಿನಲ್ಲಿ, ಹವಾನಿಯಂತ್ರಣದ ಕೊಳವೆ ಗೋಡೆಯೊಳಗೇ ಮೇಲೇರುವುದರಿಂದ ಅಲ್ಲೊಂದು ಕಿಟಕಿ ಇರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿದ್ದ ಸಂಗತಿಯೇ. ಎಷ್ಟೋ ಜನರಿಗೆ ಹೇಳಿಯೂ ಇದ್ದೆ. ಈಗ ಮೂಗಿನಿಂದ ಒಂದು ಗೇಣು ದೂರದಲ್ಲಿ ಕೆನೆಬಣ್ಣದ ಪ್ಲಾಸ್ಟಿಕ್ ಗೋಡೆ, ಅದರ ಮೇಲೆ ಹಿಂದೆ ಯಾರೋ ತಲೆಯಾನಿಸಿ ನಿದ್ದೆ ಮಾಡಿದ್ದರಿಂದಾದ ಎಣ್ಣೆಯ ಕಲೆ. ಹಿಂದಿನ ಸಾಲಿನ ಕಿಟಕಿ ನೋಡಲು ಕತ್ತು ಹೊರಳಿಸಿದರೆ ಅಲ್ಲಿ ಕೂತಿದ್ದ ಹೆಂಗಸು ಪರದೆ ಎಳೆದುಬಿಟ್ಟರು. ಇಷ್ಟು ಸಾಲದೆಂಬಂತೆ, 737ರಲ್ಲಿ ನಾಯಿಯೂ ಬೊಗಳುವುದಿಲ್ಲ. ಕೊನೆಯ ಸಾಲುಗಳಲ್ಲಿ, ಒಂದು ಪೈಸೆಯೂ ಹೆಚ್ಚು ಕೊಡದೆ ಕಿಟಕಿ ಗಿಟ್ಟಿಸಿದ್ದ ಮಗ ಇಳಿದ ಮೇಲೆ ಫೋನು ತೆರೆದು ಮೋಡಗಳ ಚಿತ್ರ ಒಂದೊಂದಾಗಿ ತೋರಿಸಿದ.

ಇಂಥದೇ ಗೋಡೆ ನೋಡಿಕೊಂಡು ಕೂತವರು 2025ರ ಆಗಸ್ಟಿನಲ್ಲಿ ಅಮೆರಿಕದ ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ್ದಾರೆ. ನನ್ನದು ಅಷ್ಟು ದೊಡ್ಡ ಜೀವವಲ್ಲ. ಸೀಟಿಗೆ ಕೊಟ್ಟ ಹೆಚ್ಚುವರಿ ಹಣ ಮರಳಿಸಿರೆಂದು ನಮ್ಮ ಕಂಪನಿಗೆ ಪತ್ರ ಬರೆದೆನಷ್ಟೆ. ಕೋರಿದ ಸಂಖ್ಯೆಯ ಆಸನವನ್ನೇ ಒದಗಿಸಿರುವುದರಿಂದ ಹಣ ಮರಳಿಸಲು ಅವಕಾಶವಿಲ್ಲ, ವಿಷಾದಿಸುತ್ತೇವೆ ಎಂದು ಉತ್ತರ ಬಂತು.

ಹಿಂದಿರುಗುವ ಟಿಕೆಟನ್ನು ನನ್ನಾಕೆಯೇ ಕೊಂಡಳು. ನಾಲ್ವರಿಗೂ ಒಂದೇ ಟಿಕೆಟ್. ಹೊತ್ತು ನೋಡಿದಳು, ಮೊತ್ತ ನೋಡಿದಳು, ಮುಗಿಯಿತು. ಆಮೇಲೆ ಯಾರೂ ಇಲ್ಲದಾಗ ನಾನು ತೆರೆದು ನೋಡಿದೆ: ಎಟಿಆರ್ 72. ಪಂಖದ ವಿಮಾನ, ಸಾಲಿಗೆ ನಾಲ್ಕೇ ಸೀಟು, ಮಧ್ಯದ ಸೀಟಿನ ಪೀಡೆಯಿಲ್ಲ, ರೆಕ್ಕೆ ಮೇಲಿರುವುದರಿಂದ ಅದು ಕೆಳಗಿನ ನೋಟಕ್ಕೆ ಅಡ್ಡಬರುವುದೂ ಇಲ್ಲ. ಇಷ್ಟನ್ನೂ ಮನೆಯವರಿಗೆಲ್ಲ ವಿವರವಾಗಿ ತಿಳಿಸಿದೆ. ಕೇಳಿದ ಮೇಲೆ ಮಕ್ಕಳಿಬ್ಬರೂ ಕಿಟಕಿ ಬೇಕೆಂದರು, ಅವರಮ್ಮನೂ ಬೇಕೆಂದಳು, ನಾನು ಮೂವರ ಬೆನ್ನು ನೋಡುತ್ತಾ ಹಾದಿ ಬದಿಯ ಸೀಟಿನಲ್ಲಿ ಕೂತು ಬಂದೆ.