ಆಟಗಾರರ ಮತದಿಂದ ಮ್ಯಾಪ್‌ಗೆ ನ್ಯಾಯ ಸಿಗುತ್ತದೆಯೇ?

ಕಂಪ್ಯೂಟರ್ ಆಟಗಳಿಗೆ ಹವ್ಯಾಸಿಗಳೂ ಮ್ಯಾಪ್, ಅಂದರೆ ಆಟ ನಡೆಯುವ ಜಾಗ, ಕಟ್ಟುತ್ತಾರೆ. ಆಡಿದವರು ಮೆಚ್ಚಿದೆ, ಮೆಚ್ಚಲಿಲ್ಲ ಎಂದು ಹಾಕುವ ಮತದಿಂದ ಅವು ಪಟ್ಟಿಯಲ್ಲಿ ಮೇಲೆ ಕೆಳಗೆ ಆಗುವುದು ಸರಿಯೇ ಎಂಬುದು ಇಲ್ಲಿಯ ಚರ್ಚೆ.

ಪರ

ತೀರ್ಥಹಳ್ಳಿಯಲ್ಲಿ ಕುಳಿತು ಮ್ಯಾಪ್ ಕಟ್ಟುವ ಹುಡುಗಿಗೆ ಆಟದ ಕಂಪನಿಯಲ್ಲಿ ಪರಿಚಯದವರಿಲ್ಲ, ಪ್ರಚಾರಕ್ಕೆ ಹಣವಿಲ್ಲ. ಅವಳ ಕೆಲಸವನ್ನು ಅಪರಿಚಿತರಿಗೆ ತಲುಪಿಸಬಲ್ಲದ್ದು ಆಡಿದವರ ಮೆಚ್ಚುಗೆಯೊಂದೇ. ಮತ ಬೇಡವೆನ್ನುವವರು ಅದರ ಜಾಗದಲ್ಲಿ ಯಾರನ್ನು ಕೂರಿಸುತ್ತಾರೆ? ಆಯ್ಕೆ ಸಮಿತಿಯನ್ನೇ? ಸಮಿತಿಗಳ ವಶೀಲಿ ನಮಗೇನು ಹೊಸತಲ್ಲ.

'ಡೋಟಾ' 2003ರಲ್ಲಿ 'ವಾರ್‌ಕ್ರಾಫ್ಟ್ 3' ಎಂಬ ಯುದ್ಧದ ಆಟಕ್ಕೆ ಹವ್ಯಾಸಿಗಳು ಮಾಡಿದ ಮ್ಯಾಪ್ ಆಗಿ ಹುಟ್ಟಿತು. ಅದನ್ನು ಬೆಳೆಸಿದವರು ತೀರ್ಪುಗಾರರಲ್ಲ, ಮತ್ತೆ ಮತ್ತೆ ಅದನ್ನೇ ಆರಿಸಿಕೊಂಡ ಆಟಗಾರರು. ಹತ್ತು ವರ್ಷಗಳ ನಂತರ ಆಟಗಳನ್ನು ತಯಾರಿಸುವ ವಾಲ್ವ್ ಕಂಪನಿಯೇ 'ಡೋಟಾ 2' ಹೊರತಂದಿತು.

ಎಣಿಕೆಯಲ್ಲಿ ಮೋಸವಿದೆ ಎಂಬ ದೂರಿಗೆ ಗಣಿತದಲ್ಲಿ ಮದ್ದಿದೆ. ಮೂವರೇ ಆಡಿ ಮೂವರೂ ಮೆಚ್ಚಿದರೆ ಶೇ 100. ಸಾವಿರ ಜನರಲ್ಲಿ 920 ಮಂದಿ ಮೆಚ್ಚಿದರೆ ಶೇ 92. ಮೂವರು ಗೆಳೆಯರಿಂದ ಮತ ಹಾಕಿಸಿಕೊಂಡವನೇ ಮೇಲೆ! ಅಮೆರಿಕದ ಗಣಿತಜ್ಞ ಎಡ್ವಿನ್ ವಿಲ್ಸನ್ 1927ರಲ್ಲಿ ಕೊಟ್ಟ ಸೂತ್ರ ಇದನ್ನು ತಿದ್ದುತ್ತದೆ. ಮತಗಳು ಕಡಿಮೆಯಿದ್ದಷ್ಟೂ ಅದು ಅಂಕ ಇಳಿಸುತ್ತದೆ. ಶೇ 95ರ ವಿಶ್ವಾಸ ಮಟ್ಟದಲ್ಲಿ (ಅಂದಾಜು ಎಷ್ಟು ಖಚಿತವಾಗಿರಬೇಕು ಎಂಬುದರ ಅಳತೆ ಇದು) ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ನೂರಕ್ಕೆ ಸುಮಾರು 44, ಎರಡನೆಯದಕ್ಕೆ 90.

ವಿರೋಧ

ಮತ ಹಾಕಿದವನು ಎಷ್ಟು ಆಡಿದ ಎಂಬುದು ಸೂತ್ರಕ್ಕೆ ಗೊತ್ತಿಲ್ಲ. ಕವಲೇದುರ್ಗದ ಮಾದರಿಯಲ್ಲಿ ಯಾರೋ ಮ್ಯಾಪ್ ಕಟ್ಟಿದರೆನ್ನಿ: ಸುತ್ತಿನ ಮೇಲೆ ಸುತ್ತು ಕೋಟೆ, ಹಾಸುಗಲ್ಲಿನ ದಾರಿ, ಮಳೆ, ಮಂಜು. ಮೂರನೆಯ ಬಾಗಿಲು ಮುಚ್ಚಿದೆ; ಕೊಳದ ಮೆಟ್ಟಿಲಿಳಿದು ಹುಡುಕಿದರೆ ಕಳ್ಳದಾರಿ ಸಿಗುತ್ತದೆ. ಬಾಗಿಲಿಗೆ ಎರಡು ಸಲ ಗುದ್ದಿದವನು 'ಬಾಗಿಲು ತೆರೆಯುವುದಿಲ್ಲ, ಮ್ಯಾಪ್ ಸರಿಯಿಲ್ಲ' ಎಂದು ಬರೆದು, ಕೆಳಮುಖದ ಹೆಬ್ಬೆರಳು ಒತ್ತಿ ಹೊರಟುಹೋಗುತ್ತಾನೆ. ದಾರಿ ಕಂಡುಕೊಂಡವಳು ಒಂದು ಗಂಟೆ ಆಡುತ್ತಾಳೆ. ಇಬ್ಬರದೂ ಒಂದೊಂದೇ ಮತ. ಹಳೆಯ ಕಂಪ್ಯೂಟರಿನಲ್ಲಿ ಆ ಮಂಜು ತಡವರಿಸಿದರೆ ಅದರ ಸಿಟ್ಟೂ ಮ್ಯಾಪಿನ ಮೇಲೆಯೇ. ಆಷಾಢದ ಗಾಳಿಮಳೆಗೆ ಹೊಸನಗರದ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಟ್ಟು ಆಟ ಅರ್ಧಕ್ಕೆ ನಿಂತರೆ ಬೈಗುಳ ತಿನ್ನುವವರು ಮ್ಯಾಪ್ ಕಟ್ಟಿದವರು.

ಇನ್ನು ವಿಲ್ಸನ್ ಲೆಕ್ಕ. ಹತ್ತು ಜನ ಆಡಿ ಹತ್ತೂ ಜನ ಮೆಚ್ಚಿದ ಮ್ಯಾಪಿಗೆ ಅದರಲ್ಲಿ ಸಿಗುವುದು ಸುಮಾರು 72. ಪಟ್ಟಿಯಲ್ಲಿ ಅಷ್ಟು ಕೆಳಗೆ ಬಿದ್ದದ್ದನ್ನು ಹನ್ನೊಂದನೆಯವರು ಹುಡುಕಿ ಆಡುವುದು ಯಾವಾಗ? ಪರಿಚಯವಿಲ್ಲದ ಹುಡುಗಿಗೆ ಮತವೊಂದೇ ದಾರಿ ಎಂದವರು ಇದಕ್ಕೆ ಉತ್ತರಿಸಬೇಕು.

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ಬಗೆಗಳಿಗೆ ಬೇರೆ ಬೇರೆ ಧಾರಣೆ. ಒಗಟಿನ ಮ್ಯಾಪ್, ಕಾಳಗದ ಮ್ಯಾಪ್, ಓಟದ ಮ್ಯಾಪ್‌ಗಳನ್ನು ಮಾತ್ರ ಒಂದೇ ಪಟ್ಟಿಯಲ್ಲಿ ಏಕೆ ತೂಗಬೇಕು?

ಮತವನ್ನೇ ಕಿತ್ತುಹಾಕಿ ಎನ್ನುತ್ತಿಲ್ಲ. 2015ರ 'ಸೂಪರ್ ಮಾರಿಯೋ ಮೇಕರ್' ಆಟದಲ್ಲಿ ಹಂತ (ಮ್ಯಾಪಿನಂಥದ್ದೇ) ಕಟ್ಟಿದವರು ಮೊದಲು ತಾವೇ ಅದನ್ನು ಆಡಿ ಮುಗಿಸಬೇಕಿತ್ತು. ಇಲ್ಲವಾದರೆ ಅದು ಪ್ರಕಟವಾಗುತ್ತಿರಲಿಲ್ಲ. ಕಟ್ಟುವವರಿಗೆ ಷರತ್ತು ಹಾಕಬಹುದಾದರೆ ಆಡುವವರಿಗೂ ಹಾಕಬಹುದು. ಅರ್ಧದಷ್ಟಾದರೂ ಆಡಿದವರ ಮತ ಮಾತ್ರ ಎಣಿಕೆಗೆ ಬರಲಿ. ಅದಕ್ಕೂ ಮೊದಲೇ ಬಿಟ್ಟುಹೋದವರ ದೂರು ಕಟ್ಟಿದವರಿಗಷ್ಟೇ ತಲುಪಲಿ; ಕೊಳದ ಕಡೆ ಇನ್ನೊಂದು ಸುಳಿವು ಇಡಬೇಕೇ ಎಂಬುದು ಅದರಿಂದ ಅವರಿಗೆ ಗೊತ್ತಾಗುತ್ತದೆ.