ಗಣಿತದಲ್ಲಿ ಉತ್ತರ ಒಂದೇ ಅಂತ ಯಾರು ಹೇಳಿದ್ದು?

ದಾವಣಗೆರೆಯಲ್ಲಿ ಮಕ್ಕಳನ್ನು ಸೈನ್ಸ್‌ಗೆ ಸೇರಿಸುವ ಅಪ್ಪ-ಅಮ್ಮಂದಿರು ಹೇಳುವ ಒಂದು ಮಾತು ನನಗೆ ಬಾಯಿಪಾಠ ಆಗಿದೆ. "ಗಣಿತ ಆದ್ರೆ ಚಿಂತೆ ಇಲ್ಲ ಸಾರ್, ಸರಿ ಇದ್ರೆ ಪೂರ್ತಿ ಮಾರ್ಕ್ಸ್, ತಪ್ಪಾದ್ರೆ ಸೊನ್ನೆ." ಪಿಯುಸಿ ಮಟ್ಟಕ್ಕೆ ಮಾತು ಹೆಚ್ಚುಕಡಿಮೆ ನಿಜ. ಆದರೆ ಎಂ.ಎಸ್ಸಿ. ಮುಗಿಸಿದವರೂ ಇದನ್ನೇ ನಂಬಿಕೊಂಡು ಹೊರಗೆ ಬರುತ್ತಾರಲ್ಲ, ಅದು ನನಗೆ ಬೇಸರ.

ಎಂ.ಎಸ್ಸಿ.ಯಲ್ಲಿ ಫಂಕ್ಷನಲ್ ಅನಾಲಿಸಿಸ್, ಅಂದರೆ ಅನಂತ ಆಯಾಮದ ಸ್ಪೇಸ್‌ಗಳ ಗಣಿತ, ಅದರ ಪಾಠ ಹೇಗೆ ನಡೆಯುತ್ತದೆ ನೋಡಿ. ವೀಕ್ ಕಾಂಪ್ಯಾಕ್ಟ್ ಅಂದರೇನು ಅಂತ ಬರೆಸುತ್ತೇವೆ. (ಕಾಂಪ್ಯಾಕ್ಟ್ ಅಂದರೆ ಬಿಂದುಗಳು ಅನಂತ ಇದ್ದರೂ ಸೀಮಿತ ಸೆಟ್‌ನಂತೆ ಹಿಡಿತಕ್ಕೆ ಸಿಗುವ ಸೆಟ್; ವೀಕ್ ಕಾಂಪ್ಯಾಕ್ಟ್ ಅದರದೇ ಸಡಿಲ ರೂಪ.) ಅಂಥ ಸೆಟ್‌ಗಳನ್ನು ಗುರುತಿಸುವ ಎಬರ್ಲೈನ್–ಶ್ಮುಲ್ಯಾನ್ ಪ್ರಮೇಯ ಬರೆಸುತ್ತೇವೆ. ಪರೀಕ್ಷೆಗೆ ಬರಬಹುದು ಅಂತ ಹೇಳಿ ಮುಂದೆ ಹೋಗುತ್ತೇವೆ. ಅಲ್ಲೇ ಒಂದು ಸೊಗಸಾದ ಪ್ರಶ್ನೆ ಇರುತ್ತದೆ, ಯಾರೂ ಮುಟ್ಟುವುದಿಲ್ಲ.

ಬಿಂದುಗಳಿಗೆ ಉದ್ದ ಅಳೆಯಲು ಬರುವ ಒಂದು ಬಾನಾಖ್ ಸ್ಪೇಸ್‌ನ ಯೂನಿಟ್ ಬಾಲ್, ಅಂದರೆ ಉದ್ದ ಒಂದನ್ನು ಮೀರದ ಬಿಂದುಗಳ ಗುಂಪು, ತಗೊಳ್ಳಿ. ಅದರೊಳಗೆ ವೀಕ್ ಕಾಂಪ್ಯಾಕ್ಟ್ ಸೆಟ್‌ಗಳು ಲೆಕ್ಕವಿಲ್ಲದಷ್ಟು ಇವೆ. ಅವುಗಳಲ್ಲಿ ಕೆಲವನ್ನು ಮಾತ್ರ ಆರಿಸಿಟ್ಟುಕೊಳ್ಳಬೇಕು. ಉಳಿದ ಪ್ರತಿಯೊಂದೂ ಆರಿಸಿದ ಯಾವುದಾದರೂ ಒಂದರೊಳಗೆ ಅಡಗಬೇಕು. ಕನಿಷ್ಠ ಎಷ್ಟು ಬೇಕು?

ಮಾಮೂಲಿ ಜ್ಯಾಮಿತಿಯನ್ನೇ ಅನಂತ ಆಯಾಮಕ್ಕೆ ಹಿಗ್ಗಿಸಿದ ಹಿಲ್ಬರ್ಟ್ ಸ್ಪೇಸ್‌ನಲ್ಲಿ ಒಂದೇ ಸಾಕು, ಇಡೀ ಬಾಲೇ ವೀಕ್ ಕಾಂಪ್ಯಾಕ್ಟ್. ಮಜಾ ಇರುವುದು ಎಲ್-ಒನ್ ಸ್ಪೇಸ್‌ನಲ್ಲಿ. ಅಲ್ಲಿ ಪ್ರತಿ ಬಿಂದುವೂ ಕೊನೆಯಿಲ್ಲದ ಒಂದು ಸಂಖ್ಯೆಗಳ ಪಟ್ಟಿ. ಮೈನಸ್ ಚಿಹ್ನೆ ಬಿಟ್ಟು ಕೂಡಿದರೆ ಮೊತ್ತ ಎಲ್ಲೋ ಒಂದು ಕಡೆ ನಿಲ್ಲಬೇಕು, ಅಷ್ಟೇ ಷರತ್ತು. ಗಣಿತಜ್ಞ ಶೂರ್ ತೋರಿಸಿದ ಗುಣದಿಂದಾಗಿ ಇಲ್ಲಿ ವೀಕ್ ಕಾಂಪ್ಯಾಕ್ಟೂ ಮಾಮೂಲಿ ಕಾಂಪ್ಯಾಕ್ಟೂ ಒಂದೇ. ಕಾಂಪ್ಯಾಕ್ಟ್ ಆಗಬೇಕಾದರೆ ಸೆಟ್‌ನಲ್ಲಿರುವ ಎಲ್ಲ ಪಟ್ಟಿಗಳ ಬಾಲವೂ, ಅಂದರೆ ಒಂದು ಜಾಗದಿಂದಾಚೆಗಿನ ಮೊತ್ತವೂ, ಒಟ್ಟಿಗೆ ಸಣ್ಣದಾಗಬೇಕು. ಇಂಥ ಜಾಗ ದಾಟಿದ ಮೇಲೆ ಉಳಿದದ್ದು ಅರ್ಧಕ್ಕಿಂತ ಕಡಿಮೆ, ಇನ್ನೊಂದು ಜಾಗ ದಾಟಿದ ಮೇಲೆ ಮೂರರಲ್ಲೊಂದಕ್ಕಿಂತ ಕಡಿಮೆ, ಹೀಗೆ. ಅಂದರೆ ಪ್ರತಿ ಕಾಂಪ್ಯಾಕ್ಟ್ ಸೆಟ್ಟಿಗೂ ಸ್ವಾಭಾವಿಕ ಸಂಖ್ಯೆಗಳ ಒಂದು ಸಾಲು ಅಂಟಿಕೊಂಡಿರುತ್ತದೆ. ದೊಡ್ಡ ಸಂಖ್ಯೆಗಳ ಸಾಲು ಆರಿಸಿದಷ್ಟೂ ಅದರೊಳಗೆ ಹೆಚ್ಚು ಸೆಟ್‌ಗಳು ಅಡಗುತ್ತವೆ.

ಈಗ ಪ್ರಶ್ನೆ ಮನೆ ಖರ್ಚಿನ ಅಂದಾಜಿನಂತೆ ಆಗುತ್ತದೆ. ಕೊನೆಯೇ ಇಲ್ಲದ ತಿಂಗಳುಗಳಿಗೆ ಅಂದಾಜು ಪಟ್ಟಿಗಳನ್ನು ಬರೆದಿಡಿ. ಯಾರ ಮನೆಯ ಖರ್ಚು ಹೇಗೇ ಇರಲಿ, ಒಂದು ತಿಂಗಳಿಂದಾಚೆಗೆ ಅದು ನಿಮ್ಮ ಯಾವುದಾದರೂ ಒಂದು ಪಟ್ಟಿಯನ್ನು ಮೀರಬಾರದು. ಒಂದು, ಎರಡು, ಮೂರು ಅಂತ ಎಣಿಸಬಹುದಾದ ಅನಂತ ಪಟ್ಟಿಗಳು ಸಾಲುವುದಿಲ್ಲ. ಎಷ್ಟನೇ ತಿಂಗಳೋ ಅಷ್ಟು ಪಟ್ಟಿಗಳನ್ನು ಆ ತಿಂಗಳಲ್ಲಿ ಮೀರುವ ಹಾಗೆ ಖರ್ಚು ಮಾಡಿದರೆ ಎಲ್ಲ ಪಟ್ಟಿಯೂ ಸೋಲುತ್ತದೆ. ಕ್ಯಾಂಟರ್ 1891ರಲ್ಲಿ ತೋರಿಸಿದ ಕರ್ಣದ ಉಪಾಯವೇ ಇದು.

ಹಾಗಾದರೆ ಎಷ್ಟು? ಆ ಸಂಖ್ಯೆಗೆ ಗಣಿತದವರು ಡಿ ಅನ್ನುತ್ತಾರೆ. ಎಣಿಸಬಹುದಾದ ಅನಂತದ ಮುಂದಿನ ಅನಂತ ಅಲೆಫ್-ಒಂದು. ಡಿ ಅದಕ್ಕಿಂತ ಕಡಿಮೆ ಇಲ್ಲ, ವಾಸ್ತವ ಸಂಖ್ಯೆಗಳ ಲೆಕ್ಕಕ್ಕಿಂತ ಜಾಸ್ತಿಯೂ ಇಲ್ಲ. ನಡುವೆ ಎಲ್ಲಿ? ನಾವು ದಿನಾ ಬಳಸುವ ಸೆಟ್ ಸಿದ್ಧಾಂತದ ಮೂಲನಿಯಮಗಳು ಇದನ್ನು ತೀರ್ಮಾನಿಸುವುದೇ ಇಲ್ಲ. ಆ ಮೂಲನಿಯಮಗಳನ್ನೆಲ್ಲ ಪಾಲಿಸುವಂತೆ ತರ್ಕಶಾಸ್ತ್ರಜ್ಞ ಗೋಡೆಲ್ ಕಟ್ಟಿದ ಗಣಿತಲೋಕದಲ್ಲಿ ಡಿ ಅಂದರೆ ಅಲೆಫ್-ಒಂದೇ. 1963ರಲ್ಲಿ ಪಾಲ್ ಕೋಹೆನ್ ಕಂಡುಹಿಡಿದ ದಾರಿಯಲ್ಲಿ ಹೋದರೆ ಅದಕ್ಕಿಂತ ದೊಡ್ಡದಾಗುವ ಲೋಕವೂ ಸಿಗುತ್ತದೆ. ಎರಡರಲ್ಲೂ ಎಲ್-ಒನ್ ಇದೆ, ಪ್ರಮೇಯಗಳೆಲ್ಲ ಸರಿಯಾಗಿವೆ, ಲೆಕ್ಕ ಮಾತ್ರ ಬೇರೆ.

"ಇನ್ನೂ ಯಾರೂ ಬಿಡಿಸಿಲ್ಲ, ಅಷ್ಟೇ ಅಲ್ವಾ?" ಅನ್ನಬೇಡಿ. ಅದು ಬೇರೆ ವಿಷಯ. 1936ರಲ್ಲಿ, ಆಗ ಪೋಲೆಂಡಿನಲ್ಲಿದ್ದ ಲ್ವೂವ್ ಊರಿನಲ್ಲಿ, ಗಣಿತಜ್ಞರು ಸೇರುತ್ತಿದ್ದ ಸ್ಕಾಟಿಷ್ ಕೆಫೆಯ ನೋಟ್‌ಬುಕ್‌ನಲ್ಲಿ ಗಣಿತಜ್ಞ ಮಜೂರ್ ಒಂದು ಪ್ರಶ್ನೆ ಬರೆದರು, ಬಿಡಿಸಿದವರಿಗೆ ಜೀವಂತ ಹೆಬ್ಬಾತು ಬಹುಮಾನ ಅಂತ. 1972ರಲ್ಲಿ ಸ್ವೀಡನ್ನಿನ ಪೆರ್ ಎನ್‌ಫ್ಲೋ ಅದನ್ನು ಬಿಡಿಸಿ ಹೆಬ್ಬಾತು ಪಡೆದೇ ಬಿಟ್ಟರು. ಅದು ಮೂವತ್ತಾರು ವರ್ಷ ಕಾದ ಪ್ರಶ್ನೆ. ಡಿ ಎಷ್ಟು ಅನ್ನುವುದು ಹಾಗಲ್ಲ. ಎಷ್ಟು ಕಾದರೂ ಈ ಮೂಲನಿಯಮಗಳಿಂದ ಉತ್ತರ ಹೊರಡದು ಅನ್ನುವುದಕ್ಕೇ ರುಜುವಾತು ಇದೆ.

ಇದರಿಂದ ಏನು ಉಪಯೋಗ ಅಂತ ಕೇಳುವವರಿಗೆ ಸುಮ್ನೆ ಏನೋ ಕಟ್ಟಿ ಹೇಳಲಾರೆ. ಕೆಲಸ ಸಿಗುವುದಿಲ್ಲ. ನೆಟ್ ಪರೀಕ್ಷೆಯಲ್ಲೂ ಇದರಿಂದ ಮಾರ್ಕ್ಸ್ ದಕ್ಕುವುದು ಕಡಿಮೆ. ಆದರೆ ಎರಡು ವರ್ಷ ಗಣಿತವನ್ನೇ ಓದಿದ ಹುಡುಗಿಗೆ, ತಾನು ನಿಂತ ನೆಲ ಎಲ್ಲಿ ಮುಗಿಯುತ್ತದೆ ಅಂತ ಹೇಳದೆ ಕಳಿಸುವುದು ನನ್ನ ಪ್ರಕಾರ ಅನ್ಯಾಯ. ಇದಕ್ಕೆ ಹೊಸ ಪೇಪರ್ ಬೇಡ, ಹೊಸ ಪುಸ್ತಕ ಬೇಡ. ಎಲ್-ಒನ್ ಪಾಠ ಆದ ಮರುದಿನ ಒಂದು ಪೀರಿಯಡ್ ಸಾಕು. ದಯವಿಟ್ಟು ಅದನ್ನು ಪರೀಕ್ಷೆಗೆ ಮಾತ್ರ ಕೇಳಬೇಡಿ.